ಅಪ್ಪನ ಪಾಲಿಗೆ ಬಂದ ನಾಲ್ಕು ಸ್ವರ

ಮನೆಯಿಂದ,
ಏಪ್ರಿಲ್ ೭, ಸೋಮವಾರ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಲ್ಲಿ ಸೆಖೆ ತಡೆಯಲಾಗುವುದಿಲ್ಲ, ಬೆವರು ಇಳಿದು ಬೂಟು ತುಂಬುತ್ತದೆ ಎಂದು ಬರೆದಿದ್ದೆ. ನೀರು ಚೆನ್ನಾಗಿ ಕುಡಿ. ಕಿವಿಗೆ ಇಟ್ಟುಕೊಳ್ಳಲು ಕೊಟ್ಟಿದ್ದನ್ನು ಇಟ್ಟುಕೊಂಡೇ ಕೆಲಸ ಮಾಡು. ಸದ್ದು ಅಭ್ಯಾಸವಾಯಿತು ಎಂದು ಬರೆದಿದ್ದೀಯಲ್ಲ, ಆ ಮಾತು ಓದಿ ನನಗೆ ಹೆದರಿಕೆಯಾಯಿತು. ಬ್ಯಾಂಡಿನವರ ಮನೆಯಲ್ಲಿ ಹುಟ್ಟಿದವನು ಕಿವಿ ಹಾಳುಮಾಡಿಕೊಂಡರೆ ನಿನ್ನ ಹತ್ತಿರ ಉಳಿಯುವುದು ಮೂಗೊಂದೇ. ಅದು ಹೇಗೂ ಅಪ್ಪನ ಮೂಗು, ಅದರ ಬಗ್ಗೆ ಏನೂ ಹೇಳದಿರುವುದೇ ಒಳ್ಳೆಯದು.

ನಾನು ಆರೋಗ್ಯವಾಗಿದ್ದೇನೆ. ಅಡುಗೆಮನೆಯ ನಲ್ಲಿ ಮತ್ತೆ ತೊಟ್ಟಿಕ್ಕಲು ಶುರುಮಾಡಿದೆ. ಎದುರುಮನೆಯ ಟೀಚರ್ ವರ್ಗವಾಗಿ ಹೋದರು. ನನ್ನ ಮೇಜಿನಿಂದ ತಲೆಯೆತ್ತಿದರೆ ಮೊದಲು ಅವರು ಬಟ್ಟೆ ಒಣಗಿಸುವುದು ಕಾಣುತ್ತಿತ್ತು, ಒಂದು ಕೈ ಬೀಸುತ್ತಿದ್ದರು. ಈಗ ಮುಚ್ಚಿದ ಕಿಟಕಿಯೊಂದು ಕಾಣುತ್ತದೆ. ಬ್ಯಾಂಡುಗಳಿಗೆ ಸ್ವರ ಬರೆದುಕೊಡುವ ನನ್ನ ಕೆಲಸ ಮೊದಲಿನ ಹಾಗೆಯೇ ನಡೆದಿದೆ. ಒಂದು ಬ್ಯಾಂಡಿನವರು ತಮ್ಮಲ್ಲಿ ಕಾರ್ನೆಟ್ ಊದುವವರು ಎಂಟು ಜನ, ಹಾರ್ನ್ ಊದುವವರು ಒಬ್ಬರೂ ಇಲ್ಲ ಎಂದು ಬರೆಯುತ್ತಾರೆ. ಇನ್ನೊಬ್ಬರದು ಇಡೀ ಬ್ಯಾಂಡೇ ಹೊಸದು, ಎರಡು ಸ್ವರ ಬಂದರೆ ಮೂರನೆಯದು ಬಾರದು. ನಾನು ಅಳತೆ ತೆಗೆದುಕೊಂಡು ಅಂಗಿ ಹೊಲಿಯುವವರ ಹಾಗೆ ಅವರವರ ಮೈಗೆ ತಕ್ಕಂತೆ ಬರೆದು ಕಳಿಸುತ್ತೇನೆ. ಹೊಸಬರಿಗೆ ಐದು ಸ್ವರದೊಳಗೆ ಮುಗಿಯುವ ನಡಿಗೆ, ಪಳಗಿದವರಿಗೆ ಉಸಿರು ಕಟ್ಟಿಸುವ ಓಟ. ಅಂಗಿ ಹೇಗೆ ಕೂತಿತು ಎಂದು ಮಾತ್ರ ಯಾರೂ ತಿಳಿಸುವುದಿಲ್ಲ. ಎಲ್ಲೋ ಒಂದು ಶಾಲೆಯ ಹಾಲ್‌ನಲ್ಲಿ ನಾನು ಎಂದೂ ನೋಡದ ಜನ ನನ್ನ ಸ್ವರಗಳನ್ನು ಊದುತ್ತಿರುತ್ತಾರೆ, ಇಲ್ಲಿ ನಾನು ನಲ್ಲಿ ತೊಟ್ಟಿಕ್ಕುವುದನ್ನು ಕೇಳುತ್ತಾ ಊಟ ಮಾಡುತ್ತಿರುತ್ತೇನೆ.

ಇನ್ನು ವಿಷಯಕ್ಕೆ ಬರುತ್ತೇನೆ. ಓದುವ ಮೊದಲು ಇಷ್ಟು ತಿಳಿದುಕೋ, ಅಪ್ಪ ಈಗ ಚೆನ್ನಾಗಿದ್ದಾರೆ. ಬೆಳಿಗ್ಗೆ ನನ್ನ ಕಾಫಿಗೆ ಎರಡು ತಪ್ಪು ಹುಡುಕಿದರು. ಆದರೆ ನವೆಂಬರಿನಲ್ಲಿ ಹೀಗಿರಲಿಲ್ಲ. ನಿನಗೆ ಬರೆಯಕೂಡದೆಂದು ಅವರು ಕಟ್ಟಪ್ಪಣೆ ಮಾಡಿದ್ದರು. "ನಡುಸಮುದ್ರದಲ್ಲಿ ಇರೋನಿಗೆ ಹೇಳಿ ಏನ್ ಮಾಡ್ತೀಯ? ಈಜಿಕೊಂಡು ಬರ್ತಾನಾ?" ಎಂದಿದ್ದರು. ಈಗ ಮುಕ್ಕಾಲು ವಾಸಿಯಾಗಿದೆ, ಆದ್ದರಿಂದ ಮುಕ್ಕಾಲು ಅಪ್ಪಣೆ ಮುರಿದರೆ ತಪ್ಪಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಒಂದು ಬೆಳಿಗ್ಗೆ ಅವರು ಬಾಯಿ ಮುಕ್ಕಳಿಸಲು ಹೋದರೆ ನೀರು ಬಲಗಡೆಯಿಂದ ಸೋರಿ ಅಂಗಿಯ ಮೇಲೆ ಇಳಿಯಿತು. ಕನ್ನಡಿ ನೋಡಿಕೊಂಡರಂತೆ. ಮುಖದ ಬಲಭಾಗ ಜೋತುಬಿದ್ದಿತ್ತು, ಆ ಕಡೆಯ ಕಣ್ಣು ಮುಚ್ಚುತ್ತಿರಲಿಲ್ಲ. ನನ್ನನ್ನು ಕೂಗಿದರು, ಆ ಕೂಗು ಅವರ ದನಿಯ ಹಾಗಿರಲಿಲ್ಲ. ಪಾರ್ಶ್ವವಾಯು ಎಂದೇ ತಿಳಿದು ಆಟೋ ಹಿಡಿದು ಆಸ್ಪತ್ರೆಗೆ ಓಡಿದೆವು. ಡಾಕ್ಟರಮ್ಮ ಕೈ ಎತ್ತಿಸಿ, ನಡೆಸಿ ನೋಡಿ, ಅದಲ್ಲ ಎಂದರು. ಮುಖಕ್ಕೆ ಹೋಗುವ ಒಂದು ನರ ಊದಿಕೊಂಡಿದೆ, ಜೀವಕ್ಕೆ ಅಪಾಯವಿಲ್ಲ, ತಾನಾಗಿಯೇ ಸರಿಹೋಗುತ್ತದೆ, ಆದರೆ ಎಷ್ಟು ದಿನ, ಎಷ್ಟರಮಟ್ಟಿಗೆ ಎಂದು ಹೇಳಲಾಗದು ಎಂದರು. ಅಪ್ಪ ಒಂದೇ ಪ್ರಶ್ನೆ ಕೇಳಿದರು, ಕಾರ್ನೆಟ್ ಊದಬಹುದೇ ಎಂದು. ಡಾಕ್ಟರಮ್ಮನಿಗೆ ಕಾರ್ನೆಟ್ ಎಂದರೇನೆಂದು ತಿಳಿಯಲಿಲ್ಲ. ತುತ್ತೂರಿಯ ಹಾಗೆ ತುಟಿ ಬಿಗಿಹಿಡಿದು ಊದುವ ವಾದ್ಯ ಎಂದು ನಾನು ಹೇಳಿದೆ. ಅವರು ಅಪ್ಪನ ಮುಖವನ್ನೊಮ್ಮೆ ನೋಡಿ, "ಮೊದಲು ಸ್ಟ್ರಾದಲ್ಲಿ ನೀರು ಕುಡಿಯೋದು ಕಲಿಯಿರಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು.

ನಮ್ಮ ಮನೆ ಬೆಳಗಾದರೆ ಕಾರ್ನೆಟ್ಟಿನಿಂದ ಏಳುತ್ತಿತ್ತು, ನಿನಗೆ ಗೊತ್ತೇ ಇದೆ. ಅಮ್ಮ ಇದ್ದಾಗ, "ನಿಮ್ಮಪ್ಪ ಎದ್ರು, ಇನ್ನು ಬೀದಿಯವರೆಲ್ಲ ಏಳಲೇಬೇಕು" ಎನ್ನುತ್ತಿದ್ದಳು. ಆ ಸದ್ದು ನಿಂತ ಮೇಲೆ ಮನೆ ಹೇಗಿತ್ತು ಎಂದು ಹೇಳಲು ನನಗೆ ಬರುವುದಿಲ್ಲ. ಊಟ ಬಾಯಿಯಿಂದ ಜಾರುತ್ತದೆಂದು ಅವರು ತಟ್ಟೆಯನ್ನು ತಮ್ಮ ಕೋಣೆಗೆ ಒಯ್ದರು. ಮೇಜಿನ ಮುಂದೆ ನಾನೊಬ್ಬಳೇ. ಅವರು ಒಳಗೆ, ನಾನು ಹೊರಗೆ, ನಡುವೆ ಬಾಗಿಲು. ಚಮಚದ ಸದ್ದು ಕೇಳಿಸುತ್ತಿತ್ತು. ಬಸ್ ಡಿಪೋದಿಂದ ಬ್ಯಾಂಡ್ ಮಾಸ್ಟರು ಬಂದರು. ಅವರೇ, ಟಿಕೆಟ್ ವಿಭಾಗದ ಗುಮಾಸ್ತರು. ನಿವೃತ್ತಿಯಾದ ಮೇಲೂ ಅಪ್ಪನೇ ಬ್ಯಾಂಡಿನ ಮೊದಲ ಕಾರ್ನೆಟ್ ಅಲ್ಲವೇ. ಊದದಿದ್ದರೂ ಬಂದು ಕುಳಿತುಕೊಳ್ಳಿ ಎಂದು ಕರೆದರು. ಅಪ್ಪ ಮುಖ ಗೋಡೆಯ ಕಡೆಗೆ ತಿರುಗಿಸಿಕೊಂಡೇ ಉತ್ತರ ಕೊಟ್ಟರು. ಅವರು ಹೋದ ಮೇಲೆ ಕಾರ್ನೆಟ್ಟನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಬ್ಯಾಂಡಿನ ಉದ್ದ ಡ್ರೈವರ್‌ಗೆ ಕೊಟ್ಟುಬಿಡು ಎಂದರು. ಆತ ಟ್ರಾಂಬೋನ್ ಊದುವವನು, ಅವನಿಗೇಕೆ ಕಾರ್ನೆಟ್ ಎಂದು ನಾನು ಕೇಳಲಿಲ್ಲ. ಪೆಟ್ಟಿಗೆಯನ್ನು ನನ್ನ ಮಂಚದ ಕೆಳಗೆ ತಳ್ಳಿದೆ.

ಜನವರಿಯ ಹೊತ್ತಿಗೆ ಕಣ್ಣು ಮುಚ್ಚತೊಡಗಿತು, ತುಟಿಗೆ ಅಲ್ಪಸ್ವಲ್ಪ ಬಿಗಿ ಬಂತು. ಮಾತು ಮಾತ್ರ ಇನ್ನೂ ಒಡೆದೊಡೆದು ಬರುತ್ತಿತ್ತು, ಇಲ್ಲಿ ನಾನು ಅದನ್ನು ನೇರಮಾಡಿ ಬರೆಯುತ್ತಿದ್ದೇನೆ. ನಾನು ಡಿಪೋ ಬ್ಯಾಂಡಿನ ಹಳೆಯ ಮೆರವಣಿಗೆ ಹಾಡೊಂದನ್ನು ಹೊಸದಾಗಿ ಜೋಡಿಸಿ, ಅದರಲ್ಲಿ ಅಪ್ಪನಿಗೆಂದು ಸುಲಭದ ಕಾರ್ನೆಟ್ ಭಾಗವೊಂದನ್ನು ಬರೆದೆ. ಕೆಳಗಿನ ಸ್ವರಗಳು, ಮೆಲ್ಲನೆಯ ನಡೆ, ಎರಡೆರಡು ಸಾಲಿಗೆ ವಿಶ್ರಾಂತಿ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಉಳಿದ ಹಾಳೆಗಳನ್ನೂ ಕೇಳಿ ತೆಗೆದುಕೊಂಡು ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ನನ್ನ ಕೈಗೆ ಮರಳಿಸಿದರು. "ನಾನು ಊದೋದನ್ನೆಲ್ಲ ಎರಡನೇ ಹಾರ್ನ್ ಊದ್ತಾ ಇದೆ. ನಾನು ಊದಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಪಾಪ ಅಂತ ಬರೆದದ್ದು ನನಗೆ ಬೇಡಮ್ಮ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಎದುರು ಮಾತಾಡಬಹುದಿತ್ತು. ಅವರು ಹೇಳಿದ್ದು ಅಕ್ಷರಶಃ ನಿಜ. ಅವರು ಎಲ್ಲಿ ಎಡವಿದರೂ ಕೇಳಿಸಬಾರದೆಂದು ಪ್ರತಿ ಸ್ವರದ ಕೆಳಗೂ ನಾನು ಇನ್ನೊಬ್ಬರನ್ನು ನಿಲ್ಲಿಸಿದ್ದೆ.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಏನೂ ತೋಚದೆ ಬೀರುವಿನ ಮೇಲಿದ್ದ ನಿನ್ನ ಆ ಭಾರಿ ಹಿತ್ತಾಳೆ ಟ್ಯೂಬಾವನ್ನು ಧೂಳು ಹೊಡೆಯಲು ಇಳಿಸಿದೆ. ನೀನು ಹೋದಮೇಲೆ ಅದನ್ನು ಯಾರೂ ಮುಟ್ಟಿರಲಿಲ್ಲ, ಡಿಪೋ ಬ್ಯಾಂಡು ತಳದ ಸ್ವರವೇ ಇಲ್ಲದೆ ಒಂದು ಕಾಲು ಗಿಡ್ಡವಾದ ಮೇಜಿನ ಹಾಗೆ ಅಲುಗಾಡಿಕೊಂಡು ನಡೆದಿತ್ತು. ನಾನು ಗುಂಡಿಗಳಿಗೆ ಎಣ್ಣೆ ಬಿಡುತ್ತಿದ್ದಾಗ ಅಪ್ಪ ಬಾಗಿಲಲ್ಲಿ ನಿಂತು ನೋಡಿ, "ಹಾಗಲ್ಲ, ಕೊಡಿಲ್ಲಿ" ಎಂದರು. ಕುರ್ಚಿ ಎಳೆದುಕೊಂಡು ಅದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅದಕ್ಕೆ ಹಂಡೆ ಎಂದು ಹೆಸರಿಟ್ಟು ನಿನ್ನನ್ನು ಗೋಳುಹೊಯ್ದುಕೊಂಡ ಮನುಷ್ಯ ಅದನ್ನು ಮಗುವಿನ ಹಾಗೆ ಹಿಡಿದು ಕುಳಿತರು. ಟ್ಯೂಬಾಗೆ ತುಟಿಯ ಬಿಗಿ ಕಾರ್ನೆಟ್ಟಿನಷ್ಟು ಬೇಡ, ತೊಡೆಯ ಮೇಲೆ ಕೂರುವುದರಿಂದ ಎಡಗೈಯೂ ಬಿಡುವಾಗಿತ್ತು. ಆ ಕೈಯ ಬೆರಳಿನಿಂದ ಬಾಯಿಯ ಬಲತುದಿಯನ್ನು ಒತ್ತಿಹಿಡಿದು ಊದಿದರು. ಕೋಣ ಕೂಗಿದ ಹಾಗೆ ಒಂದು ಸದ್ದು ಬಂತು. ನಾನು ತಡೆಯಲಾರದೆ ನಕ್ಕುಬಿಟ್ಟೆ, ಆಮೇಲೆ ಹೆದರಿದೆ. ಅವರೂ ನಕ್ಕರು, ಮುಖದ ಅರ್ಧದಲ್ಲಿ. ಅವರು ನಕ್ಕಿದ್ದನ್ನು ನೋಡಿ ಎಷ್ಟು ದಿನವಾಗಿತ್ತೋ. ಮತ್ತೆ ಊದಿದರು. ಸಂಜೆಯ ಹೊತ್ತಿಗೆ ನಾಲ್ಕು ಸ್ವರಗಳು ನಿಂತವು. ಐದನೆಯದು ಸೋರಿಹೋಗುತ್ತಿತ್ತು.

ನಾಲ್ಕೇ ಸ್ವರ. ಆ ವಾರವೆಲ್ಲ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಯಾವ ಹಳೆಯ ಹಾಡನ್ನೂ ಜೋಡಿಸದೆ ನನ್ನದೇ ಒಂದು ಹೊಸ ರಚನೆ ಬರೆದೆ. ಉದ್ದ ಡ್ರೈವರ್‌ಗೆ ಏನು ಕೊಟ್ಟರೂ ಊದುತ್ತಾನೆ, ಅವನಿಗೆ ಮೇಲೆ ಕೆಳಗೆ ಓಡಾಡಲು ಜಾಗ ಬಿಟ್ಟೆ. ಬೇಕರಿ ಆಂಟಿ ಈಗಷ್ಟೇ ಕಾರ್ನೆಟ್ ಕಲಿಯುತ್ತಿರುವವರು, ಅವರಿಗೆ ಬರುವ ಐದು ಸ್ವರಗಳಲ್ಲೇ ಒಂದು ಚಿಕ್ಕ ರಾಗ ಕಟ್ಟಿದೆ. ಅಪ್ಪನ ನಾಲ್ಕು ಸ್ವರಗಳ ಕೆಳಗೆ ಈ ಸಲ ಯಾರನ್ನೂ ನಿಲ್ಲಿಸಲಿಲ್ಲ. ಪ್ರತಿಯೊಂದನ್ನೂ ಒಂಟಿಯಾಗಿ, ಉದ್ದವಾಗಿ ಬರೆದೆ. ಅದು ಕೇಳಿಸಿದ ಮೇಲೆಯೇ ಮುಂದಿನವರು ಶುರುಮಾಡಬೇಕು. ಅದು ತಪ್ಪಿದರೆ ಎಲ್ಲರೂ ತಪ್ಪಬೇಕು. ಅವರು ಎಲ್ಲರೆದುರು ಸೋತರೆ ಅದಕ್ಕೆ ನಾನೇ ಕಾರಣಳಾಗುತ್ತಿದ್ದೆ. ಹಾಳೆಯನ್ನು ಅವರ ಕೋಣೆಯ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಬ್ಯಾಂಡಿನ ಅಭ್ಯಾಸದ ದಿನ, ಶುಕ್ರವಾರ, ಅವರು ಅಂಗಿ ಇಸ್ತ್ರಿ ಮಾಡಿಸಿಕೊಂಡರು.

ಡಿಪೋದ ಟೈರ್ ಗೋದಾಮಿನ ಪಕ್ಕದ ಅದೇ ಹಾಲ್, ಅದೇ ರಬ್ಬರ್ ವಾಸನೆ. ಅಪ್ಪ ಮುಂದಿನ ಸಾಲಿನ ತಮ್ಮ ಕುರ್ಚಿಯನ್ನು ನೋಡದೆ ಸೀದಾ ಹಿಂದಕ್ಕೆ ಹೋಗಿ ನಿನ್ನ ಜಾಗದಲ್ಲಿ ಕುಳಿತರು. ನಾನು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತೆ. ಮೊದಲ ಸಲ ಹೇಗೋ ಮುಗಿಯಿತು, ಎರಡು ಸ್ವರ ಸೋರಿದವು. ಎರಡನೆಯ ಸಲ ನುಡಿಸುವಾಗ ಮೂರನೆಯ ಸ್ವರದ ಹೊತ್ತಿಗೆ ಅಪ್ಪ ಊದಲೇ ಇಲ್ಲ. ಹಂಡೆ ತುಟಿಯ ಮೇಲೇ ಇತ್ತು, ಬೆರಳೂ ಜಾಗದಲ್ಲಿತ್ತು. ಸುಮ್ಮನೆ ಕಾದು ಕುಳಿತಿದ್ದರು. ಬೇಕರಿ ಆಂಟಿ ಉಸಿರು ತುಂಬಿಕೊಂಡು ಹಾಗೆಯೇ ನಿಂತರು, ಹಾರ್ನಿನವರು ಅವಸರಪಟ್ಟು ನುಗ್ಗಿದರು, ಉದ್ದ ಡ್ರೈವರ್ ಒಬ್ಬನೇ ಸ್ವಲ್ಪ ದೂರ ಓಡಿ, ಜೊತೆಗೆ ಯಾರೂ ಇಲ್ಲವೆಂದು ತಿಳಿದು ಹಿಂತಿರುಗಿ ನೋಡಿದ. ಎಲ್ಲ ಕುಸಿದು ಹಾಲ್ ಸದ್ದಡಗಿತು. ಬ್ಯಾಂಡ್ ಮಾಸ್ಟರು ಕೋಲು ಕೆಳಗಿಟ್ಟರು. ಅವರು ಈಗ ಪರವಾಗಿಲ್ಲ ಎಂದುಬಿಟ್ಟರೆ ಅಪ್ಪ ಎದ್ದು ಮನೆಗೆ ಬರುತ್ತಾರೆ, ಇನ್ನೆಂದೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಹಾಗೆನ್ನಲಿಲ್ಲ. "ಹಿಂದೆ ಯಾರ್ರೀ ಅದು ನಿದ್ದೆ ಮಾಡ್ತಿರೋದು? ನೀವು ಊದದೆ ಇದ್ರೆ ನಾವೆಲ್ಲ ಎಲ್ಲಿಗೆ ಹೋಗೋಣ?" ಎಂದು, ಹೊಸಬರನ್ನು ಬೈಯುವ ಹಾಗೆಯೇ ಬೈದರು. ಅಪ್ಪ ಎದ್ದು ನಿಂತು, "ತಪ್ಪಾಯ್ತು ಮಾಸ್ಟ್ರೇ, ಇನ್ನೊಂದ್ಸಲ ಹೋಗೋಣ" ಎಂದರು. ಮನೆಗೆ ನಡೆದು ಬರುವಾಗ ಬೀದಿ ತಿರುವಿನಲ್ಲಿ, "ಈ ಸಲ ನೀನು ಮೋಸ ಮಾಡಿಲ್ಲ" ಎಂದರು. ತಾವು ಊದದಿದ್ದರೆ ಏನಾಗುತ್ತದೆಂದು ಬೇಕೆಂದೇ ಪರೀಕ್ಷಿಸಿದರೆಂದು ನನಗೆ ಆಗ ಖಚಿತವಾಯಿತು. ಆ ರಾತ್ರಿ ತಟ್ಟೆ ಹಿಡಿದುಕೊಂಡು ಹೊರಗೆ ಬಂದು ಮೇಜಿನ ಮುಂದೆ ಕುಳಿತರು. ಅನ್ನ ಜಾರಿತು. ಒರೆಸಿಕೊಂಡು, ಸಾರಿಗೆ ಉಪ್ಪು ಕಡಿಮೆ ಎಂದರು.

ನಿನ್ನೆ ಪಾರ್ಕಿನಲ್ಲಿ ನುಡಿಸಿದರು. ಗಾಳಿಗೆ ಹಾಳೆಗಳು ಹಾರಿ, ಜನ ಅವನ್ನು ಹಿಡಿದುಕೊಟ್ಟರು. ಬೇಕರಿ ಆಂಟಿ ತಮ್ಮ ರಾಗವನ್ನು ಕಣ್ಣು ಮುಚ್ಚಿಕೊಂಡು ಊದಿದರು. ಅಪ್ಪನ ನಾಲ್ಕು ಸ್ವರವೂ ನಿಂತವು, ಕೊನೆಯದು ತುಸು ನಡುಗಿತು. ನಾನು ಬರೆದದ್ದನ್ನು ನನ್ನ ಕಿವಿಯಿಂದಲೇ ಕೇಳಿ ವರ್ಷಗಳಾಗಿತ್ತು. ಮುಗಿದ ಮೇಲೆ ಅವರೆಲ್ಲ ಚಹಾ ಕುಡಿಯಲು ಹೋದರು, ಅಪ್ಪನೂ ಹೋದರು, ನನ್ನನ್ನೂ ಕರೆದರು. ಸ್ಟ್ಯಾಂಡುಗಳನ್ನು ಮಡಚಬೇಕು ಎಂದು ಹೇಳಿ ಉಳಿದೆ. ಮಡಚಿ ಮುಗಿಸಿದಾಗ ಪಾರ್ಕು ಖಾಲಿಯಾಗಿತ್ತು. ಅಪ್ಪನಿಗೆ ಈಗ ಅಭ್ಯಾಸದ ಸಂಜೆಗಳಿವೆ, ಆ ಸಂಜೆಗಳಲ್ಲಿ ಮನೆಯಲ್ಲಿ ನಾನೊಬ್ಬಳೇ ಇರುತ್ತೇನೆ. ಸಂತೋಷವಾಗಿದೆ ಕಣೋ, ಸುಳ್ಳಲ್ಲ. ಆದರೂ ಈ ಸಂತೋಷವನ್ನು ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ನಿನ್ನೆ ಸಂಜೆಯೆಲ್ಲ ಮನೆಯೊಳಗೆ ಓಡಾಡಿದೆ. ಬೆಳಿಗ್ಗೆ ಎದ್ದು ನಿನಗೆ ಬರೆಯಲು ಕುಳಿತೆ.

ಹೊತ್ತುಹೊತ್ತಿಗೆ ಊಟ ಮಾಡು, ಕಬ್ಬಿಣದ ಮೆಟ್ಟಿಲಿನಲ್ಲಿ ಓಡಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಕಡಲು ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ.

ಇತಿ ನಿನ್ನ ಪ್ರೀತಿಯ
ಅಕ್ಕ

ಮರೆತದ್ದು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಅಪ್ಪ ಯಾಕೆ ಫೋನಿಗೆ ಬರುವುದಿಲ್ಲ, ಹಡಗು ಹತ್ತಿದ್ದಕ್ಕೆ ಇನ್ನೂ ಸಿಟ್ಟೇ ಎಂದು ಕೇಳಿದ್ದೆಯಲ್ಲ. ಸಿಟ್ಟಲ್ಲ ಕಣೋ. ನೀನು ಫೋನ್ ಮಾಡಿದಾಗಲೆಲ್ಲ ಅವರು ನನ್ನ ಪಕ್ಕದಲ್ಲೇ ನಿಂತು, ಕಿವಿ ಹತ್ತಿರ ತಂದು, ನಿನ್ನ ದನಿ ಕೇಳುತ್ತಿದ್ದರು. ತುಟಿ ಕೂಡದೆ ಅವರಿಗೆ ಪ, ಬ, ಮ ಹೊರಡುತ್ತಿರಲಿಲ್ಲ. ಪುಟ್ಟು ಎನ್ನಲು ಹೋದರೆ ಉಟ್ಟು ಎಂದು ಬರುತ್ತಿತ್ತು. ಮಗನ ಹೆಸರೂ ಸರಿಯಾಗಿ ಕರೆಯಲಾಗದೆ ಏನು ಮಾತಾಡಲಿ ಎಂದು ಕೈಯಾಡಿಸಿ ಹೊರಟುಹೋಗುತ್ತಿದ್ದರು. ಈಗ ದಿನವೂ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಾರೆ, ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಾರೆ. ಹತ್ತರಲ್ಲಿ ಆರು ಸಲ ಸರಿಯಾಗಿ ಬರುತ್ತಿದೆ. ಮುಂದಿನ ಬಂದರಿನಲ್ಲಿ ಇಳಿದ ಕೂಡಲೇ ಫೋನ್ ಮಾಡು. ಎತ್ತುವುದು ಅಪ್ಪನೇ, ನಾನು ಹೊರಗೆ ಹೋಗಿರುತ್ತೇನೆ. ಮೊದಲು ಏನೂ ಕೇಳಿಸದಿದ್ದರೆ ಲೈನು ಸರಿಯಿಲ್ಲ ಎಂದು ಇಟ್ಟುಬಿಡಬೇಡ. ಹಲೋ ಹಲೋ ಎಂದು ಕೂಗಬೇಡ, ನೀನೇ ಹೆಸರು ಹೇಳಬೇಡ. ಅವರು ಕರೆಯುವವರೆಗೂ ಕಾಯು.