ನಿಸ್ರೀನಳ ತಮ್ಮ

ಫೆಬ್ರವರಿ ೧೧, ಮಂಗಳವಾರ. ಹರ್ಮನ್ಲಿ.

ಸಂಜೆಯಿಂದ ಕುತ್ತಿಗೆ ಸೆಟೆದುಕೊಂಡಿದೆ. ಬಿಸಿನೀರಿನ ಚೀಲ ಇಟ್ಟರೂ ಸಡಿಲಾಗುತ್ತಿಲ್ಲ.

ನಿರಾಶ್ರಿತರ ತರಗತಿಯಲ್ಲಿ ಇವತ್ತು ‘ಇಮಾಮ್’, ಅಂದರೆ ‘ನನಗೆ ಇದೆ’, ಹೇಳಿಕೊಟ್ಟೆ. ಮನೆ ಇದೆ, ಜ್ವರ ಇದೆ, ಮಗಳಿದ್ದಾಳೆ, ನಮ್ಮ ಬಲ್ಗೇರಿಯನ್ನಿನಲ್ಲಿ ಎಲ್ಲಕ್ಕೂ ಅದೊಂದೇ ಕ್ರಿಯಾಪದ. ಮುದುಕ ಅಬ್ಬಾಸ್ ಎದ್ದು, “ಟೀಚರಮ್ಮ, ನನಗೆ ಮೂರು ಹಲ್ಲಿವೆ” ಅಂದ. ಎಲ್ಲರೂ ನಕ್ಕರು.

ಆಮೇಲೆ ನಿಸ್ರೀನ್ ಎದ್ದಳು. ಸಿರಿಯಾದವಳು, ಬಂದು ನಾಲ್ಕೇ ದಿನ. ಗಡಿಯ ಕಾಡಿನಲ್ಲಿ ತಪ್ಪಿಹೋದ ತಮ್ಮನ ಸುದ್ದಿಗಾಗಿ ದಿನಾ ಶಿಬಿರದ ಕಚೇರಿಗೆ ಅಲೆಯುತ್ತಾಳೆ. ಬೆಳಿಗ್ಗೆ ನಾನು ತರಗತಿಯ ಕೀಲಿಕೈ ತೆಗೆದುಕೊಂಡು ಅದೇ ಕಚೇರಿಯಿಂದ ಹೊರಬಂದದ್ದನ್ನು ನೋಡಿದ್ದಳು.

“ನನಗೆ ಒಬ್ಬ ತಮ್ಮ ಇದ್ದಾನೆ” ಅಂದಳು. ಒಂದಕ್ಷರ ತಪ್ಪಿಲ್ಲ. ಖುಷಿಯಾಗಿ ತಲೆಯನ್ನು ಆ ಕಡೆ ಈ ಕಡೆ ಆಡಿಸಿದೆ. ನಾವು ಹೌದು ಅನ್ನುವುದೇ ಹಾಗೆ. ಅವಳ ಊರಿನಲ್ಲಿ ಅದು ಇಲ್ಲ ಅಂತ.

ಅವಳು ಬೆಂಚು ಹಿಡಿದುಕೊಂಡು ಕುಸಿದು ಕೂತಳು.

ಅಬ್ಬಾಸ್ ಅರಬ್ಬಿ, ಬಲ್ಗೇರಿಯನ್ ಎರಡೂ ಬೆರೆಸಿ ಗದರಿದ: “ಏ ಹುಚ್ಚಿ, ಇವರು ಹೌದು ಅನ್ನೋದೇ ಹಂಗೆ. ಸೂಪ್ ಇದೆಯಾ ಅಂದ್ರೆ ಅಡುಗೆಯವಳು ಹಿಂಗೇ ತಲೆ ಆಡಿಸೋಳು. ಮೂರು ದಿನ ಉಪವಾಸ ಬಿದ್ದಿದ್ದೆ ನಾನು.”

ನಿಸ್ರೀನ್ ಮುಖ ಒರೆಸಿಕೊಂಡಳು. ಮತ್ತೆ ಎದ್ದು ನಿಂತು ನನ್ನನ್ನೇ ನೋಡಿದಳು.

“ಹಾಗಾದ್ರೆ ಇದ್ದಾನಾ?”

ಕಚೇರಿಯಲ್ಲಿ ನಾನು ಅವನ ಸುದ್ದಿ ಕೇಳಿಯೇ ಇರಲಿಲ್ಲ. ಪಕ್ಕಕ್ಕೂ ಇಲ್ಲ, ಮುಂದಕ್ಕೂ ಇಲ್ಲ, ತಲೆ ಹಾಗೇ ನಿಂತುಬಿಟ್ಟಿತು. ಅವಳು ಅದನ್ನು ಏನಂತ ತಿಳಿದುಕೊಂಡಳೋ, ನನಗೆ ಗೊತ್ತಿಲ್ಲ.