ಎಲುಬಿನ ನಡುವಿನ ಸಿಂಬಿ

ಅವ್ವಾ,

ನೀ ಇದ್ದಾಗೂ ನಿನಗ ಓದಾಕ ಬರ್ತಿದ್ದಿಲ್ಲ. ಸತ್ತ ಮ್ಯಾಲ ಎಲ್ಲಿಂದ ಬರ್ತೈತಿ. ಆದ್ರೂ ಬರೀತೀನಿ.

ಪಟ್ಟಂದೂರಿನ ಖೋಲ್ಯಾಗ ಕುತ್ತಿಗಿಗೆ ಪಟ್ಟಿ ಕಟ್ಕೊಂಡು ಕುಂತೀನಿ. ದಣಿವು ಹೋಗವಲ್ದು. ಆಪರೇಷನ್ ಆದ ಮ್ಯಾಲ ಇವತ್ತು ಡಾಕ್ಟರ್ ಎಕ್ಸ್‌ರೇ ತೋರಿಸಿದ್ರು. ಡಿಸ್ಕ್ ಸವದು ಕುತ್ತಿಗ್ಯಾಗಿನ ಎರಡು ಎಲುಬು ಒಂದರ ಮ್ಯಾಲೊಂದು ಕುಂತುಬಿಟ್ಟಿದ್ದವು. ಈಗ ನಡುವ ಸಣ್ಣದೊಂದು ತುಂಡು ಇಟ್ಟು ಸಂದಿ ಬಿಡಿಸ್ಯಾರ. ಕೈಗೆ ಜೋಮು ಹಿಡಿಯೂದು ನಿಂತೈತಿ.

"ಅಂದ್ರ ಬುಟ್ಟಿ ಕೆಳಗ ಇಟ್ಟಂಗ ಸಿಂಬಿ ಇಟ್ಟೀರಿ," ಅಂದೆ.

ಡಾಕ್ಟರ್ ನಕ್ಕರು. "ಹೌದಮ್ಮ, ಸಿಂಬೇನೇ. ಆದ್ರೆ ಇನ್ಮೇಲೆ ತಲೆ ಮೇಲೆ ಏನೂ ಹೊರಬೇಡಿ."

ಸ್ಲ್ಯಾಬ್ ಹಾಕೋ ಕೆಲಸದಾಗ ನಾವಿಬ್ಬರೂ ಕಾಂಕ್ರೀಟ್ ಹೊರುವಾಗ, ನನಗ ಕುತ್ತಿಗಿ ಹಿಡಿದ್ರ ನೀ ನಿನ್ನ ಸಿಂಬಿ ಬಿಚ್ಚಿ ನನ್ನ ಸಿಂಬಿಗೆ ಸುತ್ತಿ ದಪ್ಪ ಮಾಡ್ತಿದ್ದಿ. ಆಮ್ಯಾಲ ನೀ ಬರೇ ಸೆರಗು ಮಡಚಿ ತಲಿ ಮ್ಯಾಲ ಇಟ್ಕೊಂಡು, ಅದರ ಮ್ಯಾಲ ಬುಟ್ಟಿ ಹೊತ್ತು ನಡೀತಿದ್ದಿ.

ನಾ ಎದ್ದು ಹೊರಡುವಾಗ ಡಾಕ್ಟರ್ ಇನ್ನೊಂದು ಮಾತು ಕೇಳಿದ್ರು. "ನಿಮ್ಮ ತಾಯಿಗೂ ಹಿಂಗೇ ಕುತ್ತಿಗೆ ನೋವಿತ್ತಾ?"

ಗೊತ್ತಿಲ್ಲರಿ ಅಂದೆ.