ಪ್ರೀಡ್‌ಸಾಲದ ಸೀಸನ್

ದೇರಾ, ದುಬೈ
ಡಿಸೆಂಬರ್ ೧೧, ೨೦೨೪

ಪ್ರೀತಿಯ ತಮ್ಮ ಡ್ಯಾರಲ್‌ಗೆ,

ನವೆಂಬರ್ ಮೊದಲ ವಾರದಲ್ಲಿ ಏಜೆಂಟ್ ವ್ಯಾಲೆಂಟೈನ್ ನಿನ್ನನ್ನು ಚಳಿದೇಶದ ಪ್ರೀಡ್‌ಸಾಲ ಎಂಬ ಕಡಲೂರಿನಲ್ಲಿ ಬಾಗಿಲು ಹಾಕಿದ್ದ ಹೋಟೆಲಿಗೆ ಕೆಲಸಕ್ಕೆ ಕಳಿಸಿದ. ಕುಶಲ ಕೇಳುವ ಮೊದಲೇ ಇದನ್ನು ಬರೆದಿಡುತ್ತೇನೆ. ಏಕೆಂದರೆ ಇಲ್ಲಿ ಜನ ಆಗಲೇ ಬೇರೆ ಕಥೆ ಹೇಳತೊಡಗಿದ್ದಾರೆ: ಡ್ಯಾರಲ್‌ಗೆ ಚಳಿ ತಡೆಯಲಿಲ್ಲ, ಡ್ಯಾರಲ್ ಓಡಿಹೋದ, ಡ್ಯಾರಲ್ ಮೊದಲಿನಿಂದಲೂ ಹಾಗೆಯೇ. ಈಗ ಹೇಳು, ಕೆಮ್ಮು ಹೇಗಿದೆ? ಊಟಕ್ಕೆ ಏನು ಮಾಡುತ್ತೀ? ಆ ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಳ್ಳುತ್ತೀಯೋ, ಇಲ್ಲಿದ್ದ ಹಾಗೆ ಅಲ್ಲೂ ಬರಿಗಾಲಲ್ಲಿ ಓಡಾಡುತ್ತೀಯೋ? ನಾನು ಚೆನ್ನಾಗಿದ್ದೇನೆ. ಮನೆಯಲ್ಲಿ ಕೊಂಕಣಿ ಆಡುವವಳು ಕನ್ನಡದಲ್ಲಿ ಬರೆಯುತ್ತಿದ್ದಾಳೆ ಎಂದು ನಗಬೇಡ. ಕೊಂಕಣಿಯಲ್ಲಿ ಬರೆಯಲು ಕೂತರೆ ಎರಡನೇ ಸಾಲಿಗೇ ಅಳು ಬರುತ್ತದೆ. ಶಾಲೆಯಲ್ಲಿ ಕಲಿತ ಕನ್ನಡದಲ್ಲಾದರೆ ಸಿಟ್ಟು ನೆಟ್ಟಗೆ ನಿಲ್ಲುತ್ತದೆ.

ನಿನ್ನ ಫೋನಿಗೆ ಕರೆ ಹೋಗದೇ ಇದ್ದಾಗ ಮೊದಲು ಸಿಮ್ಮಿನ ತೊಂದರೆ ಎಂದುಕೊಂಡೆ. ಆಮೇಲೆ ಏನೂ ಅಂದುಕೊಳ್ಳಲು ಧೈರ್ಯ ಸಾಲಲಿಲ್ಲ. ಇಷ್ಟು ವರ್ಷ ಶಾಲೆಯ ಲೈಬ್ರರಿಯಲ್ಲಿ ಕೂತವಳಿಗೆ ತೋಚಿದ್ದು ಒಂದೇ. ಪ್ರೀಡ್‌ಸಾಲದ ಲೈಬ್ರರಿಗೆ ಇಮೇಲ್ ಕಳಿಸಿದೆ. ಅಲ್ಲಿಯ ಹೆಂಗಸು ಅಂದೇ ಉತ್ತರ ಬರೆದಳು. ದಿನವೂ ಮಧ್ಯಾಹ್ನ ನೀನು ಅಲ್ಲಿಗೆ ಹೋಗಿ ಹೀಟರ್ ಪಕ್ಕ ಕೂತು ಊರಿನ ಹಳೆಯ ಫೋಟೋಗಳ ಆಲ್ಬಮ್ ನೋಡುತ್ತಿದ್ದೆಯಂತೆ. ಹೇಳದೆ ಕೇಳದೆ ಅವಳ ಕುರ್ಚಿಗಳನ್ನೆಲ್ಲ ಒರೆಸಿ ಕಿಟಕಿಯ ಕಡೆ ಮುಖಮಾಡಿ ಸಾಲಾಗಿ ಜೋಡಿಸಿದೆಯಂತೆ. ಓದಿ ನಕ್ಕೆ. ಇಲ್ಲಿ ಜುಮೇರಾದ ಬೀಚಿನಲ್ಲಿ ಅತಿಥಿಗಳ ಕುರ್ಚಿ ಜೋಡಿಸಿ ಜೋಡಿಸಿ ಕೈಗೆ ಅದೇ ಅಭ್ಯಾಸ. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು. ಈಚೆಗೆ ಕೆಲವು ದಿನಗಳಿಂದ ನೀನು ಬಂದಿಲ್ಲ. ಅವಳು ಹೋಟೆಲಿಗೆ ಹೋಗಿ ಬಾಗಿಲು ಬಡಿದಳಂತೆ, ಯಾರೂ ತೆಗೆಯಲಿಲ್ಲ. ಪೊಲೀಸರಿಗೆ ಹೇಳಿದರೆ, ದೊಡ್ಡವನಲ್ಲವೇ, ಪೇಟೆಗೆ ಹೋಗಿರಬಹುದು ಎಂದರಂತೆ. ಈ ಪತ್ರದ ಫೋಟೋವನ್ನು ಅವಳಿಗೇ ಕಳಿಸುತ್ತೇನೆ. ಪ್ರಿಂಟ್ ತೆಗೆದು ಹೋಟೆಲಿನ ಬಾಗಿಲ ಸಂದಿಯಲ್ಲಿ ತೂರಿಸುತ್ತೇನೆ ಎಂದಿದ್ದಾಳೆ. ನೀನು ಒಳಗಿದ್ದರೆ, ಮುನಿಸಿಕೊಂಡು ಕೂತಿದ್ದರೆ, ನಾಚಿಕೆಪಟ್ಟುಕೊಂಡಿದ್ದರೆ, ಬಾಗಿಲು ತೆಗೆ ಡ್ಯಾರಲ್. ಅವಳು ಒಳ್ಳೆಯವಳು.

ಆ ಊರಿನ ಚರಿತ್ರೆಯನ್ನೂ ಅವಳೇ ಕಳಿಸಿಕೊಟ್ಟಳು. ಬೇರೇನೂ ಮಾಡಲಾಗದೆ ಅದನ್ನೇ ಓದುತ್ತಾ ಕೂತಿದ್ದೇನೆ. ಮೊದಲು ಅದು ಬಲೆ ಒಣಗಿಸುವವರ ಊರು. ಆಮೇಲೆ ಜಮೀನಿನ ಒಡೆಯನಾದ ಒಬ್ಬ ಜರ್ಮನ್ ದೊರೆ ಪೇಟೆಯ ರೋಗಿಗಳನ್ನು ಸಮುದ್ರಸ್ನಾನಕ್ಕೆ ಕರೆತಂದನಂತೆ. ಕುದುರೆಗಳು ಮರದ ಪುಟ್ಟ ಕೋಣೆಯಂಥ ಗಾಡಿಯನ್ನು ನೀರೊಳಗೆ ಎಳೆದುಕೊಂಡು ಹೋಗುತ್ತಿದ್ದವು. ಹೆಂಗಸರು ಅದರೊಳಗೇ ಬಟ್ಟೆ ಬದಲಿಸಿ ಮೆಟ್ಟಿಲಿಳಿದು ಮುಳುಗಿ ಬರಬೇಕು. ಬಿಳಿ ಬಾವುಟ ಏರಿದರೆ ಹೆಂಗಸರ ಹೊತ್ತು, ಕೆಂಪು ಏರಿದರೆ ಗಂಡಸರದ್ದು. ನಮ್ಮಮ್ಮ ಇದ್ದಿದ್ದರೆ ಇದೇ ಸರಿಯಾದ ಪದ್ಧತಿ ಅನ್ನುತ್ತಿದ್ದಳು. ಪೈನ್ ಕಾಡಿನೊಳಗೆ ಕೆತ್ತನೆಯ ಜಗಲಿಗಳಿರುವ ಮರದ ಮನೆಗಳು, ಬ್ಯಾಂಡ್ ಬಾರಿಸಲು ಚಿಪ್ಪಿನಾಕಾರದ ಮಂಟಪ. ಬಿರುಗಾಳಿ ಎದ್ದ ಮರುದಿನ ದಂಡೆಯಲ್ಲಿ ಜೇನುಬಣ್ಣದ ಅಂಬರು ಹರಳು ಸಿಗುತ್ತದಂತೆ. ಹೊಗೆಯಲ್ಲಿ ಬೇಯಿಸಿದ ಚಪ್ಪಟೆ ಮೀನನ್ನು ಕಾಗದದಲ್ಲಿ ಸುತ್ತಿ ಮಾರುತ್ತಾರಂತೆ. ಅದು ನಮ್ಮ ನಂಗು ಮೀನಿನ ದಾಯಾದಿಯೇ ಇರಬೇಕು. ಯುದ್ಧದಲ್ಲಿ ಅರ್ಧ ಊರು ಸುಟ್ಟಿತು. ಸೋವಿಯತ್ ಕಾಲದಲ್ಲಿ ಅದು ಗಡಿಪ್ರದೇಶವಾಯಿತು. ಮೀನುಗಾರರ ದೋಣಿಗಳನ್ನು ಕಿತ್ತುಕೊಂಡರು. ಕತ್ತಲಾಗುವ ಮುಂಚೆ ಸೈನಿಕರು ದಂಡೆಯ ಮರಳನ್ನೆಲ್ಲ ಕುಂಟೆ ಹೊಡೆದು ನಯ ಮಾಡುತ್ತಿದ್ದರಂತೆ. ಯಾರಾದರೂ ಕಡಲು ದಾಟಿ ತಪ್ಪಿಸಿಕೊಂಡು ಹೋದರೆ ಹೆಜ್ಜೆ ಗೊತ್ತಾಗಲಿ ಎಂದು. ಇಲ್ಲಿ ನೀನೂ ಬೆಳಗಾದರೆ ಮರಳನ್ನು ನಯ ಮಾಡುತ್ತಿದ್ದೆ, ನಿನ್ನೆ ಯಾರೂ ಓಡಾಡಿಯೇ ಇಲ್ಲ ಎಂದು ಅತಿಥಿಗಳಿಗೆ ಅನ್ನಿಸಲಿ ಎಂದು. ಈಗ ಆ ದಂಡೆಯಲ್ಲಿ ನಿನ್ನದೊಂದೇ ಹೆಜ್ಜೆ ಇರಬೇಕು. ನೋಡಿ ಬಾ ಎಂದು ಯಾರನ್ನು ಕಳಿಸಲಿ?

ಇಷ್ಟೆಲ್ಲ ಓದಿದ ಮೇಲೆಯೇ ನನಗೆ ಆ ಒಂದು ಪದದ ಅರ್ಥವಾದದ್ದು. ಸೀಸನ್. ಇಲ್ಲಿಯ ನಮ್ಮ ಊರಿನವರ ಸಂಘದ ಸಭಾಂಗಣದಲ್ಲಿ ವ್ಯಾಲೆಂಟೈನ್ ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ: "ಸೀಸನ್ ಶುರು ಆಗುವ ಮೊದಲೇ ಹೋಗ್ಬೇಕು ಮಾರಾಯ, ಲೇಟ್ ಮಾಡಿದ್ರೆ ಖಲಾಸ್!" ಅಲ್ಲಿ ಕೂತಿದ್ದ ನಾವೆಲ್ಲರೂ ದುಬೈ ಹೋಟೆಲುಗಳ ಅನ್ನ ತಿಂದವರು. ನವೆಂಬರ್ ಬಂದರೆ ಸೀಸನ್, ಮೇ ಬಂದರೆ ಬೀಚು ಖಾಲಿ. ಬೇರೆ ಲೆಕ್ಕ ನಮಗೆ ಗೊತ್ತೇ ಇಲ್ಲ. ಕಡಲು ಹೆಪ್ಪುಗಟ್ಟುವ ಊರಿನಲ್ಲಿ ಸೀಸನ್ ಜೂನ್‌ಗೆ ಬರುತ್ತದೆ ಎಂದು ನಮ್ಮಲ್ಲಿ ಒಬ್ಬರಿಗಾದರೂ ಹೊಳೆಯಿತೇ? ನೀನು ಇಲ್ಲಿಯ ಕೆಲಸ ಬಿಟ್ಟೆ, ವೀಸಾ ರದ್ದಾಯಿತು, ಕೇಕ್ ಕತ್ತರಿಸಿ ಕಳಿಸಿಕೊಟ್ಟೆವು. ತಲುಪಿದ ದಿನ ನೀನು ಫೋನಿನಲ್ಲಿ ಅಂದದ್ದು: "ಅಕ್ಕಾ, ಸಮುದ್ರ ಉಂಟು, ಹೋಟೆಲ್ ಉಂಟು, ಕುರ್ಚಿ ಉಂಟು. ಜನ ಮಾತ್ರ ಮಾಫಿ, ಒಬ್ರೂ ಇಲ್ಲ!" ಹೋಟೆಲಿನ ಒಡತಿ ಪೇಟೆಯಿಂದ ಬಂದು, ನಿನ್ನನ್ನು ಈಗಲೇ ಬರಲು ಹೇಳಿದವರು ಯಾರು ಎಂದು ನಿನ್ನನ್ನೇ ಕೇಳಿದಳು. ಪಾಪ ಅನ್ನಿಸಿ ಅಡುಗೆಮನೆಯ ಹಿಂದಿನ ಕೋಣೆಯ ಕೀಲಿ ಕೊಟ್ಟು ಹೋದಳು. ಕೊಳವೆಗಳಲ್ಲಿ ನೀರೂ ಇರಲಿಲ್ಲ. ಆಗಲೂ ನೀನು ತಮಾಷೆ ಮಾಡಿದೆ: "ಜೂನ್‌ನ ಡ್ಯೂಟಿಗೆ ನವೆಂಬರಲ್ಲೇ ಬಂದವ ಅಂತ ನಂಗೆ ಮೆಡಲ್ ಕೊಡ್ತಾರೆ ನೋಡು." ನಾನೂ ನಕ್ಕೆ. ಅದಾಗಿ ಸ್ವಲ್ಪ ದಿನಕ್ಕೆ ಫೋನ್ ನಿಂತಿತು.

ವ್ಯಾಲೆಂಟೈನ್‌ನ ಆಫೀಸಿಗೆ ಹೋಗಿದ್ದೆ. ಏಲಕ್ಕಿ ಚಹಾ ತರಿಸಿದ. "ರೊಸಲಿನ್, ಚಳಿ ಆದ್ರೆ ಸ್ವೆಟರ್ ಹಾಕ್ಲಿ. ಇಲ್ಲಿ ಎಸಿಗೆ ಹಾಕ್ತಿದ್ದ ಅಲ್ವಾ?" ಎಂದ. ಅವನ ಕಡೆಯವನು ಅಲ್ಲಿಯ ಏರ್‌ಪೋರ್ಟಿನಲ್ಲೇ ನಿನ್ನ ಪಾಸ್‌ಪೋರ್ಟ್ ಇಸಕೊಂಡನಲ್ಲ, ಅದು ಎಲ್ಲಿ ಎಂದು ಕೇಳಿದೆ. "ನೋಂದಣಿಗೆ ಕೊಟ್ಟಿದ್ದೇವೆ, ಬರ್ತದೆ. ಅಲ್ಲೆಲ್ಲ ಸಿಸ್ಟಮ್ ಬೇರೆ." ಹಾಗಾದರೆ ನಂಬರನ್ನಾದರೂ ಕೊಡು, ರಾಯಭಾರ ಕಚೇರಿಯವರು ಹೊಸ ಪಾಸ್‌ಪೋರ್ಟಿನ ನಂಬರ್ ಕೇಳುತ್ತಿದ್ದಾರೆ, ನನ್ನ ಬಳಿ ಹಳೆಯದರದ್ದು ಮಾತ್ರ ಇದೆ ಎಂದೆ. ಆಗ ಅವನ ದನಿ ಬದಲಾಯಿತು. "ನೋಡಿ ಮೇಡಂ, ಹೆಸರು ಹಾಕಿ ಎಲ್ಲಾದ್ರೂ ಬರೆದ್ರೆ ಈ ದೇಶದಲ್ಲಿ ಮಾನಹಾನಿ ಕೇಸಾಗ್ತದೆ. ಓದಿದವರು, ಗೊತ್ತುಂಟಲ್ಲ?" ಇವನು ದುಬೈಗೆ ಬಂದ ಹೊಸತರಲ್ಲಿ ಇದೇ ದೇರಾದ ಫ್ಲ್ಯಾಟಿನಲ್ಲಿ, ನಮ್ಮ ಪಪ್ಪನ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಕೆಲಸ ಸಿಗದೆ ಅತ್ತಾಗ ಪಪ್ಪ ಇವನ ಕೈಹಿಡಿದು ಹೋಟೆಲಿನಿಂದ ಹೋಟೆಲಿಗೆ ಅಲೆದದ್ದು ನಾನು ಕಂಡದ್ದು. ಅವನು ಮರೆತಿರಬಹುದು. ನನ್ನಿಂದ ಆಗುತ್ತಿಲ್ಲ.

ಹೊರಗೆ ಹವೆ ಎಷ್ಟು ಹಿತವಾಗಿದೆ ಗೊತ್ತೇ? ನಿನ್ನ ಹಳೆಯ ಬೀಚು ಕಿಕ್ಕಿರಿದಿದೆ. ಆ ದಾರಿಯಲ್ಲಿ ಬಸ್ಸು ಹೋಗುವಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ.

ಡ್ಯಾರಲ್, ಈಗ ಅಕ್ಕನ ಮಾತು ಕೇಳು. ಇದು ಕೈಸೇರಿದರೆ ನೇರ ಲೈಬ್ರರಿಗೆ ಹೋಗು. ಅವಳ ಫೋನಿನಿಂದ ನನಗೆ ಒಂದೇ ಒಂದು ಮಾತು ಆಡು, ಬೈದರೂ ಸರಿ. ಕೆಲಸ ಆಗದೆ ವಾಪಸ್ಸು ಬಂದ ಎಂದು ನಿನ್ನನ್ನು ಆಡಿಕೊಳ್ಳುವವರ ಬಾಯಿಗೆ ನಾನಿದ್ದೇನೆ. ಬಿರುಗಾಳಿಯ ಮರುದಿನ ಹರಳು ಆರಿಸುತ್ತೇನೆಂದು ಹೆಪ್ಪುಗಟ್ಟಿದ ನೀರಿನ ಮೇಲೆ ಕಾಲಿಡಬೇಡ. ನಮಗೆ ಈಜು ಗೊತ್ತು, ಮಂಜುಗಡ್ಡೆ ಗೊತ್ತಿಲ್ಲ. ಜಪಮಾಲೆ ಹಿಡಿದಾಗಲೆಲ್ಲ ನಿನ್ನ ಹೆಸರೇ ಬಾಯಿಗೆ ಬಂದು ಪ್ರಾರ್ಥನೆ ತಪ್ಪಿಹೋಗುತ್ತದೆ. ದೇವರಿಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ. ಎಲ್ಲಿದ್ದರೂ ಬೆಚ್ಚಗಿರು. ದೇವ್ ಬರೆಂ ಕರುಂ, ದೇವರು ಒಳ್ಳೆಯದು ಮಾಡಲಿ.

ನಿನ್ನ ದಾರಿ ಕಾಯುವ ಅಕ್ಕ,
ರೊಸಲಿನ್

ಮರೆತ ಮಾತು, ಅವಸರದಲ್ಲಿ: ಪತ್ರ ಮಡಚುವಷ್ಟರಲ್ಲಿ ನಿನ್ನ ಗೆಳೆಯ ಡಿಕ್ಸನ್‌ನ ಹೆಂಡತಿ ಟೀನಾಳ ಫೋನ್ ಬಂತು. ಗಂಡಹೆಂಡತಿ ಇಬ್ಬರನ್ನೂ ವ್ಯಾಲೆಂಟೈನ್ ಜನವರಿಯಲ್ಲಿ ಅದೇ ಹೋಟೆಲಿಗೆ ಕಳಿಸುತ್ತಿದ್ದಾನಂತೆ. "ಡ್ಯಾರಲ್ ಅಲ್ಲಿ ಸೆಟ್ಲ್ ಆಗಿದ್ದಾನಂತೆ ಅಲ್ವಾ ರೊಸಲಿನಕ್ಕಾ? ವ್ಯಾಲೆಂಟೈನ್ ಅಂಕಲ್ ಹೇಳಿದ್ರು" ಎಂದಳು. ಅವರಿಬ್ಬರೂ ನಾಳೆ ಕೆಲಸಕ್ಕೆ ರಾಜೀನಾಮೆ ಕೊಡುವವರಿದ್ದರು. ಬೇಡ ಎಂದು ತಡೆದಿದ್ದೇನೆ. ಈ ಭಾನುವಾರ ಊರಿನವರ ಕ್ರಿಸ್ಮಸ್ ಕೂಟ, ಅದಕ್ಕೆ ಅವನೇ ಅಧ್ಯಕ್ಷ. ಕೇಸು ಹಾಕುವುದಿದ್ದರೆ ಹಾಕಲಿ. ಪ್ರಶ್ನೆ ಕೇಳುವುದು ನಿಂದೆಯಲ್ಲ, ಎದ್ದುನಿಂತು ಕೇಳುತ್ತೇನೆ. ಅವನು ಮೈಕ್ ಹಿಡಿದು, ಡಿಕ್ಸನ್ ಮತ್ತು ಟೀನಾರ ಎದುರಿಗೆ, ಇಡೀ ಸಭೆಗೆ ಕೇಳುವ ಹಾಗೆ ಹೇಳಲಿ: ನನ್ನ ತಮ್ಮನ ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ? ನನ್ನ ತಮ್ಮ ಎಲ್ಲಿದ್ದಾನೆ?